ಹಲ್ಲೂ ಇರಲಿ, ಕಡಲೆಯೂ ಇರಲಿ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬುದು ಹಿರಿಯರು ವಿಧಿಯನ್ನು ಕುರಿತು ಆಡಿದ ಮಾತು. ಇಂದು ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಎರಡೂ ಇಲ್ಲದ ಮಕ್ಕಳಿದ್ದಾರೆ. ಹಲ್ಲು ಹುಳುಕಾಗಿದೆ, ಕಡಲೆಯ ಜಾಗಕ್ಕೆ ಬಣ್ಣದ ಪೊಟ್ಟಣ ಬಂದಿದೆ. 2002-03ರಲ್ಲಿ ದೇಶದಾದ್ಯಂತ ನಡೆದ ಬಾಯಿಯ ಆರೋಗ್ಯದ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಳುಕು ಹಲ್ಲು ಕಂಡುಬಂದಿತು. ಹನ್ನೆರಡು ವರ್ಷದವರ ಸ್ಥಿತಿಯೂ ಅಷ್ಟೆ. ಹಲ್ಲು ನೋಯುವ ಮಗು ರಾತ್ರಿ ನಿದ್ರೆ ಮಾಡದು, ರೊಟ್ಟಿ ಅಗಿಯದು, ತರಗತಿಯಲ್ಲಿ ಕುಳಿತರೂ ಲೆಕ್ಕ ಕಲಿಯದು. ತಾಯಿ ಒಂದು ದಿನದ ಕೂಲಿ ಬಿಟ್ಟು ಅದನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವುದು ದುಡಿದು ಉಣ್ಣುವ ನಮಗೆ ಕಟ್ಟಿದ್ದಲ್ಲ.

ಶಾಲೆಯಲ್ಲಿ ಈ ಪಾಠವಿಲ್ಲವೇ? ಇದೆ. ದಿನಕ್ಕೆರಡು ಸಲ ಹಲ್ಲುಜ್ಜಬೇಕು, ಸೊಪ್ಪು ತರಕಾರಿ ತಿನ್ನಬೇಕು ಎಂದು ಮಕ್ಕಳು ಒಕ್ಕೊರಲಿನಿಂದ ಹೇಳುತ್ತಾರೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆಯುತ್ತಾರೆ. ಗಂಟೆ ಹೊಡೆದೊಡನೆ ಗೇಟಿನ ಬಳಿಯ ಅಂಗಡಿಗೆ ಓಡುತ್ತಾರೆ. ಬಾಯಿಪಾಠದಿಂದ ಬಾಯಿ ಶುಚಿಯಾಗುವುದಿಲ್ಲ. ಈ ಪಾಠ ಕೈಯಿಂದ ಕಲಿಯುವ ಪಾಠ, ದಿನವೂ ಮಾಡುವ ಪಾಠ. ಶಾಲೆ, ಅಂಗಡಿ, ಮನೆ ಈ ಮೂರೂ ಕೂಡಿ ನಿಲ್ಲದೆ ಇದು ಫಲಿಸದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಮೊದಲು ಕಾರಣವನ್ನು ತಿಳಿಸೋಣ. ಹಲ್ಲನ್ನು ಕೊರೆಯುವುದು ಕಣ್ಣಿಗೆ ಕಾಣುವ ಹುಳುವಲ್ಲ. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಿಹಿಯನ್ನು ತಿಂದು ಆಮ್ಲವನ್ನು ಹುಟ್ಟಿಸುತ್ತವೆ. ಆ ಆಮ್ಲ ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ. ಜೊಲ್ಲು ಸಂಬಳವಿಲ್ಲದ ಕಾವಲುಗಾರನಂತೆ ಆ ಹಾನಿಯನ್ನು ಮೆಲ್ಲಗೆ ಸರಿಪಡಿಸುತ್ತದೆ. ಆದರೆ ಅದಕ್ಕೆ ಬಿಡುವು ಬೇಕು. ಊಟದೊಡನೆ ಒಮ್ಮೆ ತಿಂದ ಸಿಹಿಗಿಂತ, ಇಡೀ ದಿನ ಗಳಿಗೆಗೊಮ್ಮೆ ಚೀಪುವ ಪೆಪ್ಪರಮೆಂಟು, ಹಲ್ಲಿಗಂಟುವ ಮಿಠಾಯಿ ಹೆಚ್ಚು ಕೇಡು ಮಾಡುವುದು ಇದರಿಂದಲೇ. ಹಲ್ಲಿನ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ. ದೊಡ್ಡವರು ಕೂಡ ದಿನಕ್ಕೆ ಬೆರೆಸಿ ತಿನ್ನುವ ಸಿಹಿಯನ್ನು ಸುಮಾರು 25 ಗ್ರಾಮಿಗೆ, ಎಂದರೆ ಆರು ಟೀ ಚಮಚಕ್ಕೆ ಇಳಿಸಿದರೆ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಒಂದು ಬಾಟಲಿ ಕೋಲಾ ಕುಡಿದರೆ ಆ ಲೆಕ್ಕ ಅಲ್ಲಿಗೇ ಮುಗಿಯಿತು!

ಪೋಷಕರಿಗೆ ಎರಡು ಮಾತು. ಮಗುವಿಗೆ ಆರು ವರ್ಷವಾಗುವ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ದವಡೆಯಲ್ಲಿ ಹೊಸ ಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ಅದನ್ನೂ ಹಾಲುಹಲ್ಲೆಂದು ತಿಳಿದು, ಕೆಟ್ಟರೆ ಬಿದ್ದುಹೋದೀತೆಂದು ಸುಮ್ಮನಿರುತ್ತೇವೆ. ಅದು ಬಾಳಿನುದ್ದಕ್ಕೂ ಇರಬೇಕಾದ ಹಲ್ಲು. ಹೋದರೆ ಮತ್ತೆ ಬಾರದು. ಎರಡನೆಯದು ರಾತ್ರಿಯ ಮಾತು. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಕಾವಲು ಸಡಿಲವಾಗುತ್ತದೆ. ಎರಡನೇ ಪಾಳಿ ಮುಗಿಸಿ ಬರುವ ತಂದೆ ಮಲಗಿದ ಮಗುವನ್ನು ಎಬ್ಬಿಸಿ ಬಾಯಿಗೆ ಮಿಠಾಯಿ ಇಡುವುದು ಪ್ರೀತಿಯೇ ಹೌದು. ಆ ಪ್ರೀತಿ ಬೆಳಗಿನ ಊಟದವರೆಗೆ ಕಾಯಲಿ. ರಾತ್ರಿ ಹಲ್ಲುಜ್ಜಿದ ಮೇಲೆ ನೀರಲ್ಲದೆ ಬೇರೇನೂ ಬೇಡ.

ಉಪಾಧ್ಯಾಯ ಮಿತ್ರರಲ್ಲಿ ಒಂದು ಬಿನ್ನಹ. ಹಲ್ಲು ಕಂದಾದ ಮಗುವನ್ನು ಎದ್ದು ನಿಲ್ಲಿಸಿ ಗಲೀಜೆಂದು ಹಂಗಿಸಬೇಡಿ. ಕೋಲಾರ, ತುಮಕೂರು, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಮುಂತಾದ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಹಲ್ಲು ಬಲಿಯುವ ವಯಸ್ಸಿನಲ್ಲಿ ಆ ನೀರು ಕುಡಿದ ಮಗುವಿನ ಹಲ್ಲಿಗೆ ಬರುವ ಕಂದು ಕಲೆ ಎಷ್ಟು ಉಜ್ಜಿದರೂ ಹೋಗದು. ಅಲ್ಲಿ ತಪ್ಪಿತಸ್ಥರು ಶುದ್ಧ ನೀರು ಕೊಡದವರೇ ಹೊರತು ಮಗುವಲ್ಲ. ಅಂಥ ಊರುಗಳಲ್ಲಿ ಪೇಸ್ಟನ್ನು ದಂತವೈದ್ಯರನ್ನು ಕೇಳಿ ಆರಿಸಬೇಕು.

ಹಾಗಾದರೆ ಶಾಲೆ ಮಾಡಬೇಕಾದುದೇನು? ಫಿಲಿಪ್ಪೀನ್ಸ್ ದೇಶದ ವಿದ್ಯಾ ಇಲಾಖೆ ಸರ್ಕಾರಿ ಶಾಲೆಗಳಲ್ಲಿ ಒಂದು ಸರಳ ಪದ್ಧತಿಯನ್ನು ತಂದಿತು. ಮಕ್ಕಳು ಗುಂಪಾಗಿ ನಿಂತು ದಿನವೂ ಸೋಪು ಹಚ್ಚಿ ಕೈ ತೊಳೆಯುವುದು, ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವುದು. ವರ್ಷಕ್ಕೆರಡು ಸಲ ಜಂತುಹುಳುವಿನ ಮಾತ್ರೆ. ದಂತವೈದ್ಯರ ದಾರಿ ಕಾಯದೆ ಉಪಾಧ್ಯಾಯರೇ ಇದನ್ನು ನಡೆಸಿದರು. ನಮ್ಮಲ್ಲಿ ಏಕಾಗದು? ಒಂದು ನಲ್ಲಿ, ಹೆಸರು ಬರೆದ ಬ್ರಷ್ಷು, ಬಟಾಣಿಯಷ್ಟು ಪೇಸ್ಟು, ಐದು ನಿಮಿಷ ಸಾಕು.

ಊಟದ ಪಾಠಕ್ಕಂತೂ ತಟ್ಟೆಯೇ ಪುಸ್ತಕ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. 2002ರಲ್ಲಿ ಅಕ್ಷರ ದಾಸೋಹ, 2013ರಲ್ಲಿ ಕ್ಷೀರಭಾಗ್ಯ ಬಂದವು. ಆಮೇಲೆ ಮೊಟ್ಟೆ, ಬಾಳೆಹಣ್ಣು ಸೇರಿದವು. ಬೇಳೆ ಏಕೆ, ಸೊಪ್ಪು ಏಕೆ, ಮೊಟ್ಟೆ ಏಕೆ ಎಂದು ಬಡಿಸುವಾಗಲೇ ಹೇಳಿದರೆ ಮಗು ಮರೆಯದು. ಸಾರಿನಲ್ಲಿ ತರಕಾರಿಯನ್ನು ಹುಡುಕಬೇಕಾದ ಸ್ಥಿತಿಯಿದ್ದರೆ ಆ ಪಾಠವೇ ಸುಳ್ಳಾಗುತ್ತದೆ. ಆದುದರಿಂದ ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಪೋಷಕರು ಸಭೆಗೆ ಹೋಗಬೇಕು, ಅಡುಗೆ ನೋಡಬೇಕು, ಪ್ರಶ್ನೆ ಕೇಳಬೇಕು.

ಅಂಗಡಿಕಾರ ಬಂಧುಗಳೊಡನೆ ಮುಚ್ಚುಮರೆಯಿಲ್ಲದೆ ಮಾತಾಡುತ್ತೇವೆ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರಿನೊಳಗೂ ಮಕ್ಕಳಿಗೆ ಮಾರಕೂಡದೆಂದು 2020ರಲ್ಲಿ ನಿಯಮವಾಗಿದೆ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಕೂಡದೆಂದು 2003ರ ಕಾಯದೆಯೇ ಹೇಳಿದೆ. ಪೊಟ್ಟಣವನ್ನು ತಯಾರಿಸಿ ಲಾಭ ಗಳಿಸುವವನು ದೂರದಲ್ಲಿದ್ದಾನೆ; ಕೆಲವು ಕಾಸು ಸಿಕ್ಕುವ ಗೂಡಂಗಡಿಯವನು ದಂಡಕ್ಕೆ ಎದುರಾಗುತ್ತಾನೆ. ಇದು ಅನ್ಯಾಯವೆಂದು ನಾವೂ ಬಲ್ಲೆವು. ಆದರೂ ಗೇಟಿಗೆ ಬರುವ ಮಕ್ಕಳು ನಮ್ಮವೇ. ಹುರಿಗಡಲೆ, ಶೇಂಗಾ, ಸೀಬೆಹಣ್ಣು, ಬಾಳೆಹಣ್ಣು, ಬೇಯಿಸಿದ ಕಾಳು ಇವುಗಳಿಂದಲೂ ವ್ಯಾಪಾರ ನಡೆಯುತ್ತದೆ. ಇವುಗಳ ಲಾಭ ಊರಿನಲ್ಲೇ ಉಳಿಯುತ್ತದೆ.

ಸರ್ಕಾರದ ನೀತಿಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟು, ಬ್ರಷ್ಷುಗಳ ಜಿ.ಎಸ್.ಟಿ. ಶೇ. 18ರಿಂದ 5ಕ್ಕೆ ಇಳಿಯಿತು. ಸಂತೋಷ. ಅದೇ ದಿನ ಚಾಕಲೇಟು, ಬಿಸ್ಕತ್ತುಗಳ ತೆರಿಗೆಯೂ ಶೇ. 18ರಿಂದ 5ಕ್ಕೇ ಇಳಿಯಿತು! ಹಲ್ಲು ಕಾಯುವುದಕ್ಕೂ ಹಲ್ಲು ಕೆಡಿಸುವುದಕ್ಕೂ ಒಂದೇ ತಕ್ಕಡಿಯೇ?

ನಮ್ಮ ಒತ್ತಾಯ ಇಷ್ಟು. ಪ್ರತಿ ಪ್ರಾಥಮಿಕ ಶಾಲೆಯಲ್ಲೂ ಮಧ್ಯಾಹ್ನದ ಊಟದ ಬಳಿಕ ಹಲ್ಲುಜ್ಜುವ ವೇಳೆ ಗೊತ್ತಾಗಲಿ. ಬ್ರಷ್ಷು, ಪೇಸ್ಟುಗಳನ್ನು ಇಲಾಖೆಯೇ ಕೊಡಲಿ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರಬೇಕು. ಬಂದಾಗ ಹಲ್ಲು ನೋಡಿ ಚೀಟಿ ಬರೆದು ಹೋದರೆ ಸಾಲದು, ಹುಳುಕು ಕಂಡ ಮಗುವಿಗೆ ಚಿಕಿತ್ಸೆ ಆಗುವವರೆಗೆ ಹೊಣೆ ಹೊರಲಿ. ನಗರಸಭೆ ಶಾಲೆಯ ನಲ್ಲಿಗೆ ನೀರು ಬಿಡಲಿ. ಗಿರಣಿ ಸಂಘಗಳವರು, ವರ್ತಕ ಸಂಘದವರು ಈ ಮನವಿಗೆ ಕೂಡಿಯೇ ಸಹಿ ಹಾಕಿ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಬೇಕು. ನಲ್ಲಿ ಬರುವವರೆಗೆ ಕಾಯುವ ಅಗತ್ಯವಿಲ್ಲ. ಈ ರಾತ್ರಿಯೇ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಾವೂ ಹಲ್ಲುಜ್ಜೋಣ.