ಮಸೂದೆಯಾಗಿದ್ದಾಗಲೇ ಓದೋಣ



ಬ್ಯಾಂಕಿನವರು ಸಾಲದ ಪತ್ರವನ್ನು ಮುಂದಿಟ್ಟಾಗ ಸಂಘದ ಹೆಣ್ಣುಮಕ್ಕಳು ಈಗ ಕಣ್ಣುಮುಚ್ಚಿ ಹೆಬ್ಬೆಟ್ಟು ಒತ್ತುವುದಿಲ್ಲ. ಬಡ್ಡಿ ಎಷ್ಟು, ಕಂತು ಎಷ್ಟು, ಒಂದು ಕಂತು ತಪ್ಪಿದರೆ ದಂಡ ಎಷ್ಟು ಎಂದು ಕೇಳುತ್ತಾರೆ. ಓದಲು ಬಾರದವರು ಓದಿಸಿ ಕೇಳಿಕೊಳ್ಳುತ್ತಾರೆ. ಆದರೆ ಐದು ಸಾವಿರ ರೂಪಾಯಿ ಸಾಲಕ್ಕೆ ಇಷ್ಟು ಪ್ರಶ್ನೆ ಕೇಳುವ ನಾವು, ನಮ್ಮ ಮದುವೆ, ಮನೆ, ದುಡಿಮೆ, ಪೊಲೀಸ್ ಠಾಣೆಯಲ್ಲಿ ನಮಗೆ ಸಿಗುವ ಉತ್ತರ ಇವೆಲ್ಲವನ್ನೂ ನಿರ್ಧರಿಸುವ ಇನ್ನೊಂದು ಪತ್ರದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಆ ಪತ್ರ ದೆಹಲಿಯಲ್ಲಿ ತಯಾರಾಗುತ್ತದೆ. ಅದರ ಹೆಸರು ಮಸೂದೆ.

ಮಸೂದೆ ಎಂದರೆ ಇನ್ನೂ ಕಾಯಿದೆಯಾಗದ ಕಾಯಿದೆ. ಲೋಕಸಭೆಯಲ್ಲೋ ರಾಜ್ಯಸಭೆಯಲ್ಲೋ ಅದನ್ನು ಮಂಡಿಸುತ್ತಾರೆ. ಕೆಲವು ಮಸೂದೆಗಳನ್ನು ಸಂಸದರ ಸಮಿತಿಗೆ ಒಪ್ಪಿಸುತ್ತಾರೆ. ಸಮಿತಿ ಪರಿಶೀಲಿಸಿ ವರದಿ ಕೊಡುತ್ತದೆ. ಎರಡೂ ಸಭೆ ಒಪ್ಪಿ, ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ ಅದು ಕಾಯಿದೆ. ಹಸಿ ಮಣ್ಣಿನ ಮಡಕೆಯನ್ನು ತಿದ್ದಬಹುದು; ಸುಟ್ಟ ಮೇಲೆ ಒಡೆಯಬೇಕೇ ಹೊರತು ತಿದ್ದಲಾಗದು. ನಮ್ಮ ಚಳವಳಿಯ ಶಕ್ತಿಯೆಲ್ಲ ಸುಟ್ಟ ಮಡಕೆಯ ಮುಂದೆ ನಿಂತು ಕೂಗುವುದರಲ್ಲೇ ಕಳೆದುಹೋಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ಮಸೂದೆ ಹಸಿಯಾಗಿದ್ದಾಗಲೇ ಅದನ್ನು ಓದುವ ಅಭ್ಯಾಸ ನಮ್ಮ ಸಂಘಗಳಿಗೆ ಬರಬೇಕು.

ಒಂದು ಮಾತಿನ ಬೆಲೆ

ಕಾನೂನಿನಲ್ಲಿ ಒಂದು ಪದ ಏನು ಮಾಡಬಲ್ಲದು ಎಂಬುದಕ್ಕೆ ವರದಕ್ಷಿಣೆ ನಿಷೇಧ ಕಾಯಿದೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆ ಮಸೂದೆಯ ಬಗ್ಗೆ ಲೋಕಸಭೆ ಮತ್ತು ರಾಜ್ಯಸಭೆಗಳ ನಡುವೆ ಒಮ್ಮತ ಮೂಡಲಿಲ್ಲ. ಕೊನೆಗೆ 1961ರ ಮೇ ತಿಂಗಳಲ್ಲಿ ಎರಡೂ ಸಭೆಗಳು ಒಟ್ಟಿಗೆ ಕೂತು ಅದನ್ನು ಅಂಗೀಕರಿಸಬೇಕಾಯಿತು. ಸ್ವತಂತ್ರ ಭಾರತದಲ್ಲಿ ಒಂದು ಮಸೂದೆಗಾಗಿ ಜಂಟಿ ಅಧಿವೇಶನ ನಡೆದದ್ದು ಅದೇ ಮೊದಲು.

ಅಷ್ಟೆಲ್ಲ ಆಗಿ ಬಂದ ಕಾಯಿದೆ ಏನು ಹೇಳಿತು? ಮದುವೆಯ 'ಪ್ರತಿಫಲವಾಗಿ' ಕೊಟ್ಟದ್ದು ಮಾತ್ರ ವರದಕ್ಷಿಣೆ ಎಂದಿತು. ಮದುವೆಯ ಹೊತ್ತಿನಲ್ಲಿ ಕೊಟ್ಟ ಹಣ, ಒಡವೆ, ಬಟ್ಟೆಗಳು ಪ್ರತಿಫಲವೆಂದು ಸಾಬೀತಾಗದಿದ್ದರೆ ಅವು ಬರೀ ಉಡುಗೊರೆ. ಇಷ್ಟು ಸಾಕಾಯಿತು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ನಮ್ಮ ಬೀಗರು! 'ನಾವೇನೂ ಕೇಳಲಿಲ್ಲ, ಅವರೇ ಪ್ರೀತಿಯಿಂದ ಕೊಟ್ಟರು' ಎಂಬ ಒಂದೇ ಮಾತಿನಲ್ಲಿ ಸ್ಕೂಟರೂ ಸೈಟೂ ಉಡುಗೊರೆಯಾದವು. ಪೊಲೀಸರು ತಾವಾಗಿ ಕ್ರಮ ಕೈಗೊಳ್ಳುವ ಹಾಗೂ ಇರಲಿಲ್ಲ.

ಸೊಸೆಯರು ಸೀಮೆಎಣ್ಣೆಯಲ್ಲಿ ಬೆಂದರು. ಹೆಂಗಸರು ಬೀದಿಗಿಳಿದರು. ಸಂಸತ್ತಿನ ಜಂಟಿ ಸಮಿತಿ 1982ರಲ್ಲಿ ವರದಿ ಕೊಟ್ಟಿತು. 1984ರ ತಿದ್ದುಪಡಿಯಲ್ಲಿ 'ಪ್ರತಿಫಲವಾಗಿ' ಹೋಗಿ 'ಮದುವೆಗೆ ಸಂಬಂಧಿಸಿದಂತೆ' ಎಂಬ ಮಾತು ಬಂತು. 1983ರಲ್ಲಿ 498ಎ, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಬಂದವು. ಒಂದು ಪದವನ್ನು ಬದಲಿಸಲು 23 ವರ್ಷ ಹಿಡಿಯಿತು. ಆ 23 ವರ್ಷಗಳಲ್ಲಿ ಹೋದ ಜೀವಗಳನ್ನು ಲೆಕ್ಕ ಇಟ್ಟವರು ಯಾರು?

ಮಸೂದೆಯಲ್ಲಿದ್ದಾಗಲೇ ತಡೆದದ್ದು

ಈಗ ಇದಕ್ಕೆ ತದ್ವಿರುದ್ಧವಾದ ಕಥೆ ಕೇಳಿ. 2002ರಲ್ಲಿ ಕೇಂದ್ರ ಸರ್ಕಾರ ಕೌಟುಂಬಿಕ ಹಿಂಸೆಯ ಬಗ್ಗೆ ಒಂದು ಮಸೂದೆಯನ್ನು ಮಂಡಿಸಿತು. ಹೆಸರು ಕೇಳಿದರೆ ಸಂತೋಷವಾಗಬೇಕು. ಒಳಗೆ ನೋಡಿದರೆ, ಗಂಡ 'ರೂಢಿಯಾಗಿ' ಹೊಡೆಯುತ್ತಿದ್ದರೆ ಅದು ಹಿಂಸೆ ಎಂದಿತ್ತು. ಅಂದರೆ ವರ್ಷಕ್ಕೊಮ್ಮೆ ಹೊಡೆದು ಕೈ ಮುರಿದರೆ? ಅದು ರೂಢಿಯೋ ಅಲ್ಲವೋ? ಎಷ್ಟನೆಯ ಏಟಿನಿಂದ ರೂಢಿ ಶುರುವಾಗುತ್ತದೆ? ಇದೂ ಸಾಲದೆಂಬಂತೆ, ಕೆಲವು ಸಂದರ್ಭಗಳಲ್ಲಿ 'ನನ್ನ ರಕ್ಷಣೆಗಾಗಿ, ನನ್ನ ಆಸ್ತಿಯ ರಕ್ಷಣೆಗಾಗಿ ಹಾಗೆ ಮಾಡಿದೆ' ಎಂದು ಗಂಡ ತಪ್ಪಿಸಿಕೊಳ್ಳಲೂ ಅದರಲ್ಲಿ ದಾರಿಯಿತ್ತು.

ದೇಶದ ಮಹಿಳಾ ಸಂಘಟನೆಗಳು ಇದನ್ನು ಮಸೂದೆಯಾಗಿದ್ದಾಗಲೇ ಓದಿದವು. ಲಾಯರ್ಸ್ ಕಲೆಕ್ಟಿವ್ ಸಂಸ್ಥೆಯ ವಕೀಲೆಯರು ಬೇರೊಂದು ಕರಡನ್ನೇ ಬರೆದರು. ಸಂಸದೀಯ ಸಮಿತಿಯೂ ಲೋಪಗಳನ್ನು ಎತ್ತಿ ತೋರಿಸಿತು. 2004ರಲ್ಲಿ ಲೋಕಸಭೆ ವಿಸರ್ಜನೆಯಾಗಿ ಆ ಮಸೂದೆ ಬಿದ್ದುಹೋಯಿತು. ಮುಂದೆ ಬಂದದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯಿದೆ. 2006ರ ಅಕ್ಟೋಬರ್ 26ರಿಂದ ಅದು ಜಾರಿಯಲ್ಲಿದೆ. ಅದರಲ್ಲಿ 'ರೂಢಿಯಾಗಿ' ಎಂಬ ಮಾತಿಲ್ಲ. ಬೈಗುಳ, ಹಣ ಕೊಡದೆ ಸತಾಯಿಸುವುದು, ಲೈಂಗಿಕ ಹಿಂಸೆ ಎಲ್ಲವೂ ಹಿಂಸೆಯೇ. ಮನೆ ಯಾರ ಹೆಸರಿನಲ್ಲಿದ್ದರೂ ಒಟ್ಟಿಗೆ ಬಾಳಿದ ಆ ಮನೆಯಲ್ಲಿ ಇರುವ ಹಕ್ಕು ಹೆಣ್ಣಿಗಿದೆ. ಇವತ್ತು ನಮ್ಮ ಸಂಘದ ಒಬ್ಬ ಹೆಣ್ಣುಮಗಳು ರಾತ್ರೋರಾತ್ರಿ ಬೀದಿಗೆ ಬೀಳದೆ ಉಳಿದಿದ್ದರೆ, ಯಾರೋ ಅಪರಿಚಿತ ಹೆಂಗಸರು ಆ ದಿನ ಮಸೂದೆಯನ್ನು ಓದಿದ್ದರ ಪುಣ್ಯವೂ ಅದರಲ್ಲಿದೆ.

ಮನೆಗೆಲಸದವರ ಕಥೆಯೂ ಹೀಗೆಯೇ. ದುಡಿಯುವ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಮಸೂದೆಯನ್ನು 2010ರಲ್ಲಿ ತಂದಾಗ ಮನೆಗೆಲಸ ಮಾಡುವ ಹೆಂಗಸರನ್ನು ಅದರಿಂದ ಹೊರಗಿಟ್ಟಿದ್ದರು. ಬೇರೆಯವರ ಮನೆಯ ನಾಲ್ಕು ಗೋಡೆಗಳ ನಡುವೆ ಒಂಟಿಯಾಗಿ ದುಡಿಯುವವಳಿಗಲ್ಲವೇ ರಕ್ಷಣೆ ಮೊದಲು ಬೇಕಾದದ್ದು? ಸಂಘಟನೆಗಳು ಒತ್ತಾಯಿಸಿದವು, ಸಂಸದೀಯ ಸಮಿತಿ ಒಪ್ಪಿತು. 2013ರ ಕಾಯಿದೆಯಲ್ಲಿ ಅವರೂ ಸೇರಿದರು.

ನಮ್ಮ ಹೆಸರಿಲ್ಲದ ಮಸೂದೆಗಳು

'ಮಹಿಳೆ' ಎಂಬ ಪದ ತಲೆಬರಹದಲ್ಲಿದ್ದರೆ ಮಾತ್ರ ಅದು ನಮಗೆ ಸಂಬಂಧಿಸಿದ ಮಸೂದೆ ಎಂದು ತಿಳಿಯುವುದು ಸರಿಯಲ್ಲ. 2023ರಲ್ಲಿ ಮೂರು ಅಪರಾಧ ಕಾನೂನುಗಳ ಮಸೂದೆಗಳು ಬಂದವು. 2024ರ ಜುಲೈ 1ರಿಂದ ಅವು ಕಾಯಿದೆಗಳಾಗಿ ಜಾರಿಯಲ್ಲಿವೆ. ನಮಗೆ ಬಾಯಿಪಾಠವಾಗಿದ್ದ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳು. 304ಬಿ ಈಗ 80ನೇ ಕಲಮು. ಅಂಕಿ ಬದಲಾದದ್ದನ್ನು ಎಲ್ಲರೂ ಹೇಳಿದರು. ಆದರೆ ಪೊಲೀಸರ ಕಾರ್ಯವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇರುವುದನ್ನು ಎಷ್ಟು ಸಂಘಗಳಲ್ಲಿ ಓದಿದ್ದೇವೆ?

ಅಲ್ಲಿ ಎರಡು ಸಂಗತಿಗಳಿವೆ. ಒಂದು ನಮಗೆ ಅನುಕೂಲದ್ದು: ಅಪರಾಧ ಯಾವ ಊರಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಗಂಡನ ಮನೆ ದಾವಣಗೆರೆಯಲ್ಲಿದ್ದರೂ ತವರಿನ ಹಾವೇರಿಯ ಠಾಣೆಯವರು 'ಇದು ನಮ್ಮ ಸರಹದ್ದಲ್ಲ' ಎಂದು ವಾಪಸು ಕಳಿಸುವಂತಿಲ್ಲ. ಇನ್ನೊಂದು ಯೋಚಿಸಬೇಕಾದದ್ದು: 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿ ಅನುಮತಿ ಪಡೆದು, ಪ್ರಕರಣ ಮುಂದುವರಿಸಲು ಮೇಲ್ನೋಟಕ್ಕೆ ಆಧಾರವಿದೆಯೇ ಎಂದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಲು ಪೊಲೀಸರಿಗೆ ಅವಕಾಶವಿದೆ. ಗಂಡನ ಮನೆಯ ಕ್ರೌರ್ಯಕ್ಕೆ 3 ವರ್ಷದವರೆಗೆ ಶಿಕ್ಷೆ. ಆದ್ದರಿಂದ ಅದೂ ಇದರ ಬಲೆಗೆ ಬೀಳುತ್ತದೆ. ಸುಳ್ಳು ದೂರುಗಳನ್ನು ತಡೆಯಲು ಇದು ಬೇಕು ಎನ್ನುವವರಿದ್ದಾರೆ. ವೈವಾಹಿಕ ವ್ಯಾಜ್ಯಗಳಲ್ಲಿ ಇಂಥ ವಿಚಾರಣೆ ನಡೆಸಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಹೇಳಿತ್ತು ಎಂಬುದೂ ನಿಜ. ಆದರೆ 14 ದಿನಗಳಲ್ಲಿ ಏನೇನು ಆಗಬಹುದು ಎಂದು ನಮ್ಮನ್ನು ಕೇಳಿ. ಬಾಸುಂಡೆ ಮಾಯುತ್ತದೆ. ಬೀರುವಿನ ಒಡವೆ ಕಾಣೆಯಾಗುತ್ತದೆ. ಹಿರಿಯರು ರಾಜಿ ಪಂಚಾಯಿತಿಗೆ ಬರುತ್ತಾರೆ. ಮಗುವನ್ನು ಅತ್ತೆಯ ಊರಿಗೆ ಸಾಗಿಸುತ್ತಾರೆ. 'ವಿಚಾರಣೆ ನಡೆಯುವಷ್ಟು ದಿನ ಅವಳಿಗೆ ಏನು ರಕ್ಷಣೆ?' ಎಂಬ ಒಂದು ಸಾಲನ್ನು ಆ ಕಲಮಿಗೆ ಸೇರಿಸಿ ಎಂದು ಮಸೂದೆಯ ಹಂತದಲ್ಲಿ ನಾವು ಕೇಳಬಹುದಿತ್ತು. ಈಗ ಉಳಿದಿರುವ ದಾರಿ, 2005ರ ಕಾಯಿದೆಯಡಿ ರಕ್ಷಣಾಧಿಕಾರಿಯ ಮೂಲಕವೋ ನೇರವಾಗಿಯೋ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕುವುದು. ಅದಕ್ಕೆ ಎಫ್‌ಐಆರ್ ಬೇಕಿಲ್ಲ. ಇದನ್ನು ಸಂಘದ ಪ್ರತಿಯೊಬ್ಬರೂ ನೆನಪಿಡಬೇಕು.

ಕಾಳೂ ಇದೆ, ಹೊಟ್ಟೂ ಇದೆ

ನಮ್ಮ ಹೆಸರಿನಲ್ಲೇ ಬರುವ ಮಸೂದೆಗಳನ್ನೂ ಹೊಗಳಿ ಸುಮ್ಮನಾಗುವಂತಿಲ್ಲ. ಹುಡುಗಿಯರ ಮದುವೆಯ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ಮಸೂದೆಯನ್ನು 2021ರ ಡಿಸೆಂಬರ್‌ನಲ್ಲಿ ಮಂಡಿಸಿದರು. ಅದನ್ನು ಪರಿಶೀಲಿಸಬೇಕಾಗಿದ್ದ 31 ಸಂಸದರ ಸಮಿತಿಯಲ್ಲಿ ಇದ್ದದ್ದು ಒಬ್ಬರೇ ಮಹಿಳೆ! ಬಾಲ್ಯದಲ್ಲಿ ಮದುವೆಯಾದವರು ಅದನ್ನು ರದ್ದುಪಡಿಸಲು ಕೋರ್ಟಿಗೆ ಹೋಗುವ ಅವಧಿಯನ್ನು, ಪ್ರಾಯಕ್ಕೆ ಬಂದ ಮೇಲೆ 2 ವರ್ಷ ಎಂದಿದ್ದುದನ್ನು 5 ವರ್ಷಕ್ಕೆ ಹೆಚ್ಚಿಸುವ ಒಳ್ಳೆಯ ಅಂಶವೂ ಅದರಲ್ಲಿತ್ತು. ಆದರೆ 19 ವರ್ಷದ ಹುಡುಗಿ ಬೇರೆ ಜಾತಿಯ ಹುಡುಗನನ್ನು ಮೆಚ್ಚಿ ಮದುವೆಯಾದರೆ, ಆ ಮದುವೆಯನ್ನು ಅಪರಾಧವಾಗಿಸಲು ಹೆತ್ತವರಿಗೆ ಹೊಸ ಅಸ್ತ್ರ ಸಿಗುತ್ತಿತ್ತು. ಹುಡುಗಿಯರು ತಡವಾಗಿ ಮದುವೆಯಾಗಲಿ ಎಂಬುದು ನನ್ನ ಆಸೆಯೂ ಹೌದು. ಆದರೆ ಅದು ಕೈಗೂಡುವುದು ಊರಿಗೆ ಕಾಲೇಜು, ಕಾಲೇಜಿಗೆ ಬಸ್ಸು, ಬಸ್ಸಿಲ್ಲದ ಕಡೆ ಹಾಸ್ಟೆಲು ಬಂದಾಗ. ಪಿಯುಸಿ ಮುಗಿದ ಮೇಲೆ ಮನೆಯಲ್ಲಿ ಕೂತ ಹುಡುಗಿಗೆ 21ರವರೆಗೆ ಸಿಗುವುದು ಸ್ವಾತಂತ್ರ್ಯವಲ್ಲ, ಕಾವಲು. 2024ರಲ್ಲಿ 17ನೇ ಲೋಕಸಭೆಯ ಜೊತೆಗೆ ಆ ಮಸೂದೆಯೂ ಕೊನೆಗೊಂಡಿತು. ಅಂಥದ್ದು ಮತ್ತೆ ಬಂದರೆ, ಕಾಳನ್ನು ಇಟ್ಟುಕೊಂಡು ಹೊಟ್ಟನ್ನು ತೂರುವ ಮೊರ ನಮ್ಮ ಕೈಯಲ್ಲಿರಬೇಕು.

ಶಾಸನಸಭೆಗಳಲ್ಲಿ ಮೂರನೇ ಒಂದು ಭಾಗ ಮೀಸಲಾತಿಯ ಮಸೂದೆ ಮೊದಲು ಬಂದದ್ದು 1996ರಲ್ಲಿ, ಕನ್ನಡಿಗರೇ ಆದ ದೇವೇಗೌಡರು ಪ್ರಧಾನಿಯಾಗಿದ್ದಾಗ. ಸಂಸತ್ತು ಅದನ್ನು ಒಪ್ಪಿದ್ದು 2023ರ ಸೆಪ್ಟೆಂಬರ್‌ನಲ್ಲಿ, 27 ವರ್ಷಗಳ ಮೇಲೆ. ಪಟಾಕಿ ಹೊಡೆದರು. ಆದರೆ ಕಾಯಿದೆಯ ನಂತರದ ಮೊದಲ ಜನಗಣತಿ ಆಗಿ, ಕ್ಷೇತ್ರ ಪುನರ್ವಿಂಗಡಣೆ ಆದ ಮೇಲೆ ಮೀಸಲಾತಿ ಎಂಬ ಷರತ್ತನ್ನೂ ಅದರೊಳಗೆ ಬರೆದಿದ್ದರು. ಹೀಗಾಗಿ 2024ರ ಚುನಾವಣೆಗೆ ಅದು ಕನ್ನಡಿಯೊಳಗಿನ ಗಂಟಾಯಿತು. ಆ ಚುನಾವಣೆಯಲ್ಲಿ 543 ಸ್ಥಾನಗಳಿಗೆ ಗೆದ್ದ ಮಹಿಳೆಯರು 74. ಕರ್ನಾಟಕದ 28ರಲ್ಲಿ 3. ನಮ್ಮ ರಾಜ್ಯದಲ್ಲಿ 1987ರಷ್ಟು ಹಿಂದೆಯೇ ಮಂಡಲ ಪಂಚಾಯಿತಿಗಳಲ್ಲಿ ನಾಲ್ಕನೇ ಒಂದು ಭಾಗ ಹೆಣ್ಣುಮಕ್ಕಳು ಕೂತಿದ್ದರು. ಪಂಚಾಯಿತಿ ನಡೆಸಬಲ್ಲವರನ್ನು ಪಾರ್ಲಿಮೆಂಟಿನ ಹೊಸ್ತಿಲಲ್ಲಿ ಇಷ್ಟು ಕಾಲ ಕಾಯಿಸಿದ್ದು ನ್ಯಾಯವೇ?

ಯಾವ ಭಾಷೆಯಲ್ಲಿ ಓದುವುದು?

'ಮೇಡಂ, ಇವೆಲ್ಲ ಇಂಗ್ಲಿಷಿನಲ್ಲಿರುತ್ತವೆ, ನಮಗೆ ಹೇಗೆ ತಿಳಿಯಬೇಕು?' ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಅದರ ಜೊತೆ ಸರಳ ಭಾಷೆಯ ವಿವರಣೆ ಕೊಡಬೇಕು ಎಂಬ ನೀತಿಯನ್ನು ಕೇಂದ್ರ ಸರ್ಕಾರವೇ 2014ರಲ್ಲಿ ಮಾಡಿಕೊಂಡಿದೆ. ಆದರೆ ಅದು ನೀತಿಯಷ್ಟೇ, ಕಾನೂನಲ್ಲ, ಪಾಲಿಸದಿದ್ದರೆ ಕೇಳುವವರಿಲ್ಲ. 15ನೇ ಲೋಕಸಭೆಯ ಕಾಲದಲ್ಲಿ ನೂರಕ್ಕೆ 71 ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು. 17ನೇ ಲೋಕಸಭೆಯ ಕಾಲಕ್ಕೆ ಅದು ನೂರಕ್ಕೆ 16ಕ್ಕೆ ಇಳಿಯಿತು. ಭಾಷೆಯ ವಿಷಯದಲ್ಲಿ ಮಾತ್ರ ಒಂದು ಆಸೆಯ ಎಳೆಯಿದೆ. 2020ರಲ್ಲಿ ಪರಿಸರದ ಒಂದು ಕರಡು ಅಧಿಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಆದೇಶಿಸಿತು. ಕಾಡು, ನದಿಯ ಬಗ್ಗೆ ಕನ್ನಡದಲ್ಲಿ ಕೇಳುವ ಹಕ್ಕಿದೆ ಎಂದಾದರೆ ನಮ್ಮ ಮೈಮನೆಗಳ ಬಗ್ಗೆ ಕೇಳುವ ಹಕ್ಕಿಲ್ಲವೇ?

ಕಾನೂನಿನಿಂದ ಏನಾದೀತು ಎಂಬ ನಿರಾಸೆಯ ಮಾತೂ ಇದೆ. 1961ರಿಂದ ಕಾಯಿದೆಯಿದೆ, ಆದರೂ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು 6,000ಕ್ಕೂ ಹೆಚ್ಚು. ಕಾನೂನೊಂದೇ ಯಾರನ್ನೂ ಉಳಿಸುವುದಿಲ್ಲ, ನಿಜ. ಆದರೆ ಕೆಟ್ಟ ಕಾನೂನು, ಓಡಿಬಂದವಳ ಮುಂದೆ ಬಾಗಿಲು ಮುಚ್ಚುತ್ತದೆ. ಒಳ್ಳೆಯ ಕಾನೂನು ಕನಿಷ್ಠ ಬಾಗಿಲನ್ನಾದರೂ ತೆರೆದಿಡುತ್ತದೆ. ಒಳಗೆ ಕರೆದುಕೊಂಡು ಹೋಗಬೇಕಾದವರು ನಾವು.

ಹಾಗಾಗಿ ನನ್ನ ಸಲಹೆ ಇಷ್ಟೇ. ತಿಂಗಳಿಗೊಂದು ಸಭೆಯಲ್ಲಿ, ಉಳಿತಾಯದ ಲೆಕ್ಕ ಮುಗಿದ ಮೇಲೆ, ಅರ್ಧ ಗಂಟೆ ಮಸೂದೆಗೆ ಮೀಸಲಿಡಿ. ಊರಿನ ಶಾಲೆಯ ಶಿಕ್ಷಕಿಯನ್ನೋ ಕಾಲೇಜಿಗೆ ಹೋಗುವ ನಿಮ್ಮದೇ ಮಗಳನ್ನೋ ಓದಲು ಕೂರಿಸಿ. ಮಸೂದೆ ಯಾವುದೇ ಇರಲಿ, ಕಾರ್ಮಿಕರದ್ದಿರಲಿ, ಜಮೀನಿನದ್ದಿರಲಿ, ಪೊಲೀಸರದ್ದಿರಲಿ, ಮೂರು ಪ್ರಶ್ನೆ ಕೇಳಿ. ಇದರಿಂದ ಹೆಣ್ಣಿನ ಕೈಗೆ ಏನು ಬರುತ್ತದೆ, ಏನು ಹೋಗುತ್ತದೆ? ಹೊಡೆಸಿಕೊಂಡು ಮಧ್ಯರಾತ್ರಿ ಹೊರಬಂದವಳಿಗೆ ಇದು ನೆರವಾಗುತ್ತದೆಯೇ? ಇದನ್ನು ಬರೆಯುವ ಮುಂಚೆ ನಮ್ಮಂಥವರನ್ನು ಯಾರಾದರೂ ಕೇಳಿದರೇ? ಬಂದ ಉತ್ತರವನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದು, ಎಲ್ಲರೂ ಸಹಿ ಹಾಕಿ, ನಿಮ್ಮ ಕ್ಷೇತ್ರದ ಸಂಸದರಿಗೆ ಕಳಿಸಿ. ಪ್ರತಿಯೊಂದನ್ನು ಸಂಘದ ಕಡತದಲ್ಲಿಡಿ. ಓಟು ಕೇಳಲು ಅವರು ಬಂದ ದಿನ ಆ ಕಡತವನ್ನು ಮುಂದಿಟ್ಟು ಉತ್ತರ ಕೇಳಿ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೇನು ಫಲ? ಮುಂದಿನ ಅಧಿವೇಶನ ಶುರುವಾಗುವ ಮುನ್ನ ನಿಮ್ಮ ಸಂಘದಿಂದ ಮೊದಲ ಪತ್ರ ಹೋಗಲಿ. ಅದರಲ್ಲಿ ಬೇರೇನೂ ಬೇಡ, ಒಂದೇ ಸಾಲು ಸಾಕು: 'ನಮ್ಮ ಬದುಕಿನ ಮಸೂದೆಗಳನ್ನು ನಮಗೆ ಕನ್ನಡದಲ್ಲಿ ಕೊಡಿ, ಓದಲು ಸಮಯ ಕೊಡಿ.'