ಬೇಲಿಗೂಟಕ್ಕೆ ಸುಟ್ಟೆಣ್ಣೆ ಬಳಿಯುವ ಬಂಧುಗಳಲ್ಲಿ ಅರಿಕೆ

ಮಲೆನಾಡಿನ ಕೃಷಿಕ ಬಂಧುಗಳೇ,

ಮಳೆಗಾಲ ಹಿಡಿಯುವ ಮುನ್ನ ತೋಟದ ಬೇಲಿಯನ್ನು ಬಿಗಿಮಾಡುವ ಈ ದಿನಗಳಲ್ಲಿ, ಹೊಸ ಗೂಟಗಳ ಬುಡಕ್ಕೆ ಗ್ಯಾರೇಜಿನ ಸುಟ್ಟೆಣ್ಣೆಯನ್ನು ಬಳಿದು, ಮಿಕ್ಕುದನ್ನು ಕುಳಿಗೇ ಸುರಿದುಬಿಡುವ ರೂಢಿಯು ನಮ್ಮಲ್ಲಿ ಉಳಿದು ಬಂದಿರುವುದರಿಂದ, ಆ ವಿಷಯವಾಗಿ ಎರಡು ಮಾತುಗಳನ್ನು ನಿಮ್ಮಲ್ಲಿ ವಿಜ್ಞಾಪಿಸಿಕೊಳ್ಳಬೇಕಾಗಿದೆ.

ಕೊಳೆತ ಗೂಟವೊಂದನ್ನು ಕಿತ್ತು ನೋಡಿರಿ: ಆಳದಲ್ಲಿದ್ದ ತುದಿಯು ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುವುದು, ಬಿಸಿಲುಗಾಳಿಗೆ ತೆರೆದಿದ್ದ ಮೇಲ್ಭಾಗಕ್ಕೂ ಹೆಚ್ಚಿನ ಹಾನಿ ತಟ್ಟಿರದು; ನೆಲಮಟ್ಟದ ಆಸುಪಾಸಿನ ಒಂದು ಗೇಣಿನಲ್ಲಿ ಮಾತ್ರ ಮರವು ಉಗುರು ತಾಗಿದರೆ ಪುಡಿಯಾಗಿ ಉದುರುವುದು. ತೇವವೂ ಗಾಳಿಯೂ ಒಂದೆಡೆ ಕೂಡುವ ಆ ಗೇಣಿನಲ್ಲಿಯೇ ಶಿಲೀಂಧ್ರವು ನೆಲೆಯೂರುತ್ತದೆ. ಮೇಲುಮೇಲೆ ಬಳಿದ ಸುಟ್ಟೆಣ್ಣೆಯು ಮರದೊಳಕ್ಕೆ ಇಳಿಯುವುದು ಅತ್ಯಲ್ಪ; ಎಂಜಿನ್ನಿನ ಸವೆತದಿಂದ ಅದರಲ್ಲಿ ಸೇರಿದ ಲೋಹಾಂಶಗಳೂ ಕಾವಿನಲ್ಲಿ ಹುಟ್ಟಿದ ವಿಷದ್ರವ್ಯಗಳೂ ಆಷಾಢದ ಮಳೆಯೊಡನೆ ಬಸಿಗಾಲುವೆಯನ್ನು ಸೇರಿ, ಅಲ್ಲಿಂದ ಹಳ್ಳಕ್ಕೋ ಬಾವಿಗೋ ಇಳಿಯುವ ಭಯವೇ ದೊಡ್ಡದು.

ಸುಟ್ಟೆಣ್ಣೆಯ ಬದಲಿಗೆ ಸಂಸ್ಕರಿಸಿದ ಗೂಟವನ್ನು ತರೋಣವೆಂದರೆ ಅದಕ್ಕೂ ತೊಡಕುಂಟು. ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ದ್ರಾವಣವನ್ನು ಒತ್ತಡದಿಂದ ಮರದೊಳಕ್ಕೆ ಹೊಗಿಸುವ ವಿಧಾನವನ್ನು 1933ರಲ್ಲಿ ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದವರು ನಮ್ಮ ದೇಶದವರೇ ಆದ ಸೊಂಟಿ ಕಾಮೇಶಂ ಅವರು. ಕಂಬಕ್ಕೆ ದಶಕಗಳ ಆಯುಸ್ಸನ್ನಿತ್ತ ಆ ಸಾಧನೆಯು ಗೌರವಾರ್ಹವಾದುದೇ. ಆದರೆ ಆರ್ಸೆನಿಕ್ ಮೆಲ್ಲಮೆಲ್ಲನೆ ಮಣ್ಣಿಗೆ ಸೋರುವುದೆಂಬ ಕಾರಣದಿಂದ ಅಮೆರಿಕದಲ್ಲಿ 2003ರ ಅಂತ್ಯಕ್ಕೆ ಮನೆಬಳಕೆಯ ಮರಗಳಿಗೆ ಅದನ್ನು ಕೈಬಿಟ್ಟರು. ನಮಗಂತೂ ಇನ್ನೊಂದು ಅಪಾಯವುಂಟು. ಹಳೆಯ ಗೂಟವು ಕೊನೆಗೆ ಸೇರುವುದು ಬಚ್ಚಲೊಲೆಯನ್ನು. ಅದರ ಬೂದಿಯು ಬಸಳೆಯ ಬುಡಕ್ಕೂ ಪಾತ್ರೆ ತಿಕ್ಕುವ ಕೈಗೂ ಬರುವುದು. ಉರಿದರೂ ಆರ್ಸೆನಿಕ್ ನಾಶವಾಗದು: ಕೆಲವಂಶ ಹೊಗೆಯಲ್ಲಿ ಹೋದರೆ ಹೆಚ್ಚಿನಂಶ ಬೂದಿಯಲ್ಲಿಯೇ ಉಳಿಯುವುದು. ಹಸುರುಛಾಯೆಯ ಇಂತಹ ಮರದ ತುಂಡೊಂದನ್ನೂ ದಯವಿಟ್ಟು ಒಲೆಗೆ ಹಾಕದಿರಿ.

ಗೂಟವೇ ಬೇಕೆಂದಾದರೆ ತೊಗಟೆಯನ್ನೂ ಹೊರಗಿನ ಬಿಳಿಯ ಭಾಗವನ್ನೂ ಕೆತ್ತಿ ತೆಗೆದು, ಚೇಗನ್ನು ಮಾತ್ರ ಬಳಸಿ, ಬುಡದಲ್ಲಿ ನೀರು ನಿಲ್ಲದಂತೆ ಜಲ್ಲಿ ತುಂಬಿರಿ. ಕಲ್ಲುಕಂಬ ದೊರೆಯುವೆಡೆಯಲ್ಲಿ ಆ ಶ್ರಮವೂ ಇಲ್ಲ. ನನ್ನ ಮನಸ್ಸು ಒಲಿಯುವುದಾದರೋ ಗ್ಲಿರಿಸಿಡಿಯ, ಹಾಲುವಾಣಗಳ ಹಸಿಗೂಟಗಳ ಕಡೆಗೆ: ಮೊದಲ ಮಳೆಗೆ ಊರಿದರೆ ಅವು ಚಿಗುರಿ ತಾವೇ ಬೇಲಿಯಾಗುವುವು, ವರ್ಷವರ್ಷವೂ ಸೊಪ್ಪನ್ನು ಕೊಡುವುವು.

ಎಲ್ಲವನ್ನೂ ಒಮ್ಮೆಗೇ ಬದಲಿಸುವುದು ಯಾರಿಗೂ ಸುಲಭವಲ್ಲ. ಈ ವರ್ಷ ಬಾವಿಯ ಸುತ್ತಲಿನ ಹಾಗೂ ಹಳ್ಳದ ದಂಡೆಯ ಗೂಟಗಳಿಗಾದರೂ ಸುಟ್ಟೆಣ್ಣೆ ಮುಟ್ಟಿಸದಿರಿ. ಮನೆಯಲ್ಲಿ ಈಗಾಗಲೇ ಕೂಡಿಟ್ಟಿರುವ ಡಬ್ಬವನ್ನು, ಶುದ್ಧೀಕರಣಕ್ಕೆ ಎಣ್ಣೆ ಕಳುಹಿಸುವ ಗ್ಯಾರೇಜಿಗೆ ಹಿಂದಿರುಗಿಸಿರಿ.