ಪಾರ್ಟುಲಾದಿಂದ ಏನು ಪ್ರಯೋಜನ?

ಹೆಬ್ಬೆರಳಿನ ಉಗುರಿನಷ್ಟು ಬಸವನಹುಳುವಿಗಾಗಿ ಇಷ್ಟೊಂದು ಖರ್ಚು ಯಾಕೆ? ಪೆಸಿಫಿಕ್ ಸಾಗರದ ತಾಹಿತಿ, ಮೋರಿಯಾ ದ್ವೀಪಗಳ ಪಾರ್ಟುಲಾದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೀಗೆ ಕೇಳಿಯೇ ಕೇಳುತ್ತಾರೆ. ಮರದ ಎಲೆಗಳ ಮೇಲೆ ಬದುಕುತ್ತ, ಪಾಚಿ, ಕೊಳೆತ ಎಲೆ ತಿನ್ನುತ್ತ, ಒಂದೊಂದೇ ಮರಿ ಹಾಕುವ ಜೀವಿ ಅದು. ಸಂರಕ್ಷಕರು ತಡಬಡಾಯಿಸಿ ಉಪಯೋಗಗಳ ಪಟ್ಟಿ ಕೊಡುತ್ತಾರೆ: ಕಾಡಿನ ಪೋಷಕಾಂಶ ಮರಳಿಸುತ್ತದೆ, ಚಿಪ್ಪು ಹಾರಕ್ಕೆ ಆಗುತ್ತಿತ್ತು, ಜೀವವಿಜ್ಞಾನಿ ಹೆನ್ರಿ ಕ್ರಾಂಪ್ಟನ್ ದಶಕಗಳ ಕಾಲ ಅದರಲ್ಲಿ ವಿಕಾಸವನ್ನು ಓದಿದರು. ಎಲ್ಲ ನಿಜವೇ. ಆದರೂ ಈ ವಾದಕ್ಕೆ ಇಳಿದವರು ಅರ್ಧ ಸೋತಂತೆಯೇ. ಉಪಯೋಗದ ತಕ್ಕಡಿಯಲ್ಲಿ ಪಾರ್ಟುಲಾ ತೂಗುವುದಿಲ್ಲ.

ಪಾರ್ಟುಲಾ ಹೇಗೆ ಅಳಿಯಿತು ಎಂಬುದರಿಂದ ಮಾತು ಶುರುವಾಗಬೇಕು. ಬೆಳೆ ತಿನ್ನುವ ಆಫ್ರಿಕನ್ ದೈತ್ಯ ಬಸವನಹುಳುವನ್ನು ಅಡಗಿಸಲೆಂದು 1974ರಲ್ಲಿ ತಾಹಿತಿಗೆ, 1977ರಲ್ಲಿ ಮೋರಿಯಾಗೆ ಯೂಗ್ಲಾಂಡಿನಾ ರೋಸಿಯಾ ಎಂಬ ಮಾಂಸಾಹಾರಿ ಬಸವನಹುಳುವನ್ನು ತಂದು ಬಿಟ್ಟರು. ಅದು ಲೋಳೆಯ ಜಾಡು ಹಿಡಿದು ಬೇಟೆಯಾಡುತ್ತದೆ. ದೊಡ್ಡದಕ್ಕಿಂತ ಚಿಕ್ಕ ತುತ್ತೇ ಅದಕ್ಕೆ ಸಲೀಸು. ಹತ್ತೇ ವರ್ಷದಲ್ಲಿ ಮೋರಿಯಾದ ಪಾರ್ಟುಲಾಗಳು ಕಾಡಿನಿಂದ ಬಹುತೇಕ ಮಾಯವಾದವು. ಇದೇ ಬೇಟೆಗಾರನನ್ನು ಹವಾಯಿಗೆ ಬಿಟ್ಟದ್ದು 1955ರಲ್ಲಿ. ಅಂದರೆ ನೋಡಿ ಕಲಿಯಲು ಸುಮಾರು ಎರಡು ದಶಕ ಇತ್ತು.

ಪ್ರಭೇದಗಳು ಹುಟ್ಟುತ್ತವೆ, ಸಾಯುತ್ತವೆ, ಅದು ಪ್ರಕೃತಿ ನಿಯಮ ಎನ್ನುವವರಿದ್ದಾರೆ. ಇರಬಹುದು. ಆದರೆ ಇಲ್ಲಿ ಸಾವಿನ ಹಿಂದೆ ತಾರೀಖು ಉಳ್ಳ ಒಂದು ತೀರ್ಮಾನವಿದೆ. ಪಕ್ಕದ ಹೊಲದ ಬೇಲಿ ಮುರಿದವನು, ಆ ಹೊಲದಲ್ಲಿ ಬೆಳೆದದ್ದು ರಾಗಿಯೋ ಕಳೆಯೋ ಎಂದು ವಿಚಾರಿಸಿ ಆಮೇಲೆ ದಂಡ ಕಟ್ಟುತ್ತೇನೆ ಎನ್ನುವಂತಿಲ್ಲ. ಪಾರ್ಟುಲಾವನ್ನು ಉಳಿಸುವ ಹೊಣೆ ಅದರ ಬೆಲೆಯಿಂದ ಹುಟ್ಟಿದ್ದಲ್ಲ, ನಮ್ಮ ಕೃತ್ಯದಿಂದ ಹುಟ್ಟಿದ್ದು.

ಹಾಗಾದರೆ ರೈತ ಕೈಕಟ್ಟಿ ಕೂರಬೇಕೆ? ಬೇಡ. ಜೈವಿಕ ನಿಯಂತ್ರಣವನ್ನೇ ಶಪಿಸುವುದು ಸೋಮಾರಿತನ. ಪಪ್ಪಾಯ ಹಿಟ್ಟುತಿಗಣೆ ದಕ್ಷಿಣ ಭಾರತದ ಪಪ್ಪಾಯ, ಹಿಪ್ಪುನೇರಳೆ ತೋಟಗಳನ್ನು ಬಿಳಿಚಿಸಿದಾಗ, 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ-ಪ್ರಮುಖ ಕೀಟಗಳ ಬ್ಯೂರೋ ಅಸೆರೋಫೇಗಸ್ ಪಪಾಯೆ ಎಂಬ ಪರತಂತ್ರ ಕಣಜವನ್ನು ತರಿಸಿ ಬಿಟ್ಟಿತು. ರೇಷ್ಮೆ ಬೆಳೆಗಾರರು ಉಸಿರಾಡಿದರು. ಆ ಕಣಜ ಮೊಟ್ಟೆಯಿಡುವುದು ಆ ತಿಗಣೆಯ ಮೈಯೊಳಗೆ. ಯೂಗ್ಲಾಂಡಿನಾಗೆ ಬಸವನಹುಳು ಯಾವುದಾದರೂ ಸರಿ. ಏನು ತಿನ್ನುತ್ತದೆ ಎಂಬುದರ ಜೊತೆಗೆ ಇನ್ನೇನೇನು ತಿನ್ನುತ್ತದೆ ಎಂದೂ ಕೇಳಿದ್ದರೆ ಸಾಕಿತ್ತು, ಅಷ್ಟೇ.

ಮೃಗಾಲಯಗಳಲ್ಲಿ ಸಾಕಿದ ಪಾರ್ಟುಲಾಗಳನ್ನು 2015ರಿಂದ ದ್ವೀಪಗಳಿಗೆ ಮರಳಿಸುತ್ತಿದ್ದಾರೆ. ಕಾಡಿನಿಂದ ಅಳಿದಿದ್ದ ಪಾರ್ಟುಲಾ ಟೋಹಿವೆಯಾನಾ ಎಂಬ ಪ್ರಭೇದ ಅಲ್ಲೇ ಹುಟ್ಟಿ ಬೆಳೆದದ್ದು 2024ರಲ್ಲಿ ಖಚಿತವಾಯಿತು. ಎಲ್ಲವೂ ಉಳಿಯಲಿಲ್ಲ: ಪಾರ್ಟುಲಾ ಟರ್ಜಿಡಾದ ಕೊನೆಯ ಹುಳು 1996ರಲ್ಲಿ ಲಂಡನ್ ಮೃಗಾಲಯದಲ್ಲೇ ಪರಾವಲಂಬಿ ಸೋಂಕಿನಿಂದ ಸತ್ತಿತು. ಯೂಗ್ಲಾಂಡಿನಾ ಇನ್ನೂ ಕಾಡಿನಲ್ಲಿದೆ, ಅದನ್ನು ಹಿಂದೆ ಕರೆಯಲು ಬರುವುದಿಲ್ಲ. ಬಿಟ್ಟವರು ಕೃಷಿಯ ಹೆಸರಿನಲ್ಲಿ ಬಿಟ್ಟರು. ಮರಿಗಳನ್ನು ಪೆಟ್ಟಿಗೆಗಳಲ್ಲಿ ಬೆಳೆಸುವ ಖರ್ಚನ್ನು ಬಹುಪಾಲು ದೂರದೇಶದ ಮೃಗಾಲಯಗಳು ಹೊತ್ತಿವೆ. ಹೊಸ ಜೀವಿಯನ್ನು ಬಿಡುವ ಯೋಜನೆಗೆ ಹಣ ಮಂಜೂರಾಗುವ ಕಾಗದದಲ್ಲೇ, ಎಡವಟ್ಟಾದರೆ ಸರಿಪಡಿಸುವ ಹಣವೂ ಇರಲಿ ಎಂದು ಹಟ ಹಿಡಿಯಬೇಕಾದದ್ದು ಇದಕ್ಕಾಗಿಯೇ.